ಎಸ್ತರ್ ಟೀಚರ ಮನೆಯ ಸೋಮವಾರ

ನಮ್ಮೂರಿನಲ್ಲಿ ಯಾರು ಯಾರು ಒಂಟಿ ಎಂದು ತಿಳಿಯಬೇಕಾದರೆ ಬೆಳಿಗ್ಗೆ ಏಳು ಗಂಟೆಗೆ ಡೈರಿಯ ಹಿಂಬಾಗಿಲಿಗೆ ಹೋಗಿ ನೋಡಬೇಕು. ಮುಂಬಾಗಿಲಲ್ಲಿ ಹಾಲು ಕೊಳ್ಳುವವರು ನಿಲ್ಲುತ್ತಾರೆ, ಅವರೆಲ್ಲ ಸಂಸಾರಸ್ಥರು. ಹಿಂಬಾಗಿಲಲ್ಲಿ ನಿಲ್ಲುವವರು ಮೊಸರು ಕೊಳ್ಳುವವರು. ಪಾತ್ರೆಯನ್ನು ಚೀಲದೊಳಗೆ ಅಡಗಿಸಿಕೊಂಡು, ಹೆಂಡದಂಗಡಿಗೆ ಬಂದವರ ಹಾಗೆ ಅತ್ತಿತ್ತ ನೋಡುತ್ತ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಾರೆ. ಆರು ವರ್ಷದಿಂದ ನಾನೂ ಅಲ್ಲೇ ನಿಲ್ಲುತ್ತಿದ್ದೆ.

ಮನೆಯಲ್ಲಿ ಮೊಸರಾಗಬೇಕಾದರೆ ದಿನ ಮುಗಿಯಬೇಕು. ದಿನ ಮುಗಿಯಬೇಕಾದರೆ ಇಬ್ಬರಿರಬೇಕು. ದೀಪ ಹಚ್ಚುವ ಹೊತ್ತಿಗೆ ಒಬ್ಬರು ‘ಇವತ್ತಿಗೆ ಸಾಕಾ?’ ಎಂದು ಕೇಳುತ್ತಾರೆ, ಇನ್ನೊಬ್ಬರು ‘ಸಾಕು’ ಎನ್ನುತ್ತಾರೆ. ಆಗ ಗೋಡೆಯ ಕ್ಯಾಲೆಂಡರಿನ ಹಾಳೆ ಕೈಗೆ ಬರುತ್ತದೆ. ಇಲ್ಲದಿದ್ದರೆ ಇಕ್ಕಳ ಹಾಕಿ ಎಳೆದರೂ ಬರುವುದಿಲ್ಲ. ಬೀದಿಯಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಆದರೆ ಆ ಮನೆಯೊಳಗೆ ಅದೇ ದಿನ. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇರುತ್ತದೆ. ನೆನೆಹಾಕಿದ ಹೆಸರುಕಾಳು ಮೊಳೆಯುವುದಿಲ್ಲ, ದೋಸೆ ಹಿಟ್ಟು ಉಬ್ಬುವುದಿಲ್ಲ. ಹಸಿವು ಮಾತ್ರ ನಿಲ್ಲುವುದಿಲ್ಲ, ಮನೆ ಬಾಡಿಗೆಯೂ ನಿಲ್ಲುವುದಿಲ್ಲ. ಅವೂ ನಿಲ್ಲುವಷ್ಟು ಉಪಕಾರ ಯಾವ ಊರಿನಲ್ಲೂ ಇರಲಾರದು.

ಪ್ರತಿ ಮನೆಯ ಬಾಗಿಲಲ್ಲೂ ಒಂದು ಸ್ಲೇಟು ತೂಗುಹಾಕಿರುತ್ತದೆ. ಒಳಗೆ ಯಾವ ದಿನ ನಡೆಯುತ್ತಿದೆ ಎಂದು ಅದರಲ್ಲಿ ಬರೆದಿರಬೇಕು, ಹೋದವರು ನೋಡಿಕೊಂಡು ಒಳಗೆ ಕಾಲಿಡಬೇಕು. ಸ್ಲೇಟಿನ ದಿನ ಹಿಂದೆ ಬಿದ್ದಿದ್ದರೆ ಯಾಕೆ ಎಂದು ಕೇಳುವುದು ಮರ್ಯಾದೆಯಲ್ಲ. ಪಕ್ಕದ ಮನೆಯವರು ಹೊಸ್ತಿಲು ದಾಟಿ ಬಂದು ಆ ಒಂದು ಮಾತು ಹೇಳಿಕೊಟ್ಟರೂ ದಿನ ಹೊರಳುತ್ತದೆ. ಆದರೆ ಅವರನ್ನು ಬನ್ನಿ ಎಂದು ಕರೆಯಬೇಕು. ಕರೆಯುವುದಕ್ಕೆ ನಾಲಿಗೆ ಏಳದವರೇ ಡೈರಿಯ ಹಿಂಬಾಗಿಲಲ್ಲಿ ಸೇರುತ್ತಾರೆ.

ನಾನು ಸಂಕಪ್ಪ. ಪೇಟೆಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟೀವಿ, ಆಮೇಲೆ ಮಿಕ್ಸಿ, ಕೊನೆಗೆ ಕಂಪ್ಯೂಟರು ಎಂದು ಊರಿನಲ್ಲಿ ಏನೇನು ಕೆಟ್ಟಿತೋ ಅದನ್ನೆಲ್ಲ ಕಲಿತೆ. ಜನ ಈಗಲೂ ರೇಡಿಯೋ ಸಂಕಪ್ಪ ಎಂದೇ ಕರೆಯುತ್ತಾರೆ. ನನ್ನ ಮನೆಯ ಸ್ಲೇಟಿನಲ್ಲಿ ನಾನು ಪ್ರತಿದಿನ ಬೀದಿಯ ವಾರವನ್ನೇ ಬರೆಯುತ್ತಿದ್ದೆ. ಅದು ಸುಳ್ಳು. ಒಳಗೆ ಆರು ವರ್ಷದಿಂದ ಹದಿನೇಳನೇ ತಾರೀಕು ಬುಧವಾರ.

ಎಸ್ತರ್ ಟೀಚರನ್ನು ನಾನು ಹಿಂಬಾಗಿಲಲ್ಲಿ ಎಂದೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಹಿಂದೆ ತಿರುಗಿ ನೋಡಿದರೆ ಅವರೇ ನಿಂತಿದ್ದಾರೆ! ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಯಲ್ಲಿ ಸ್ಟೀಲಿನ ಡಬ್ಬಿ, ಚೀಲವಿಲ್ಲ, ಏನಿಲ್ಲ. ಊರಿನ ಅರ್ಧ ಗುಮಾಸ್ತರಿಗೆ ಟೈಪಿಂಗ್ ಕಲಿಸಿದವರು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬರೇ ಇದ್ದರೂ ಅವರ ಸ್ಲೇಟು ಒಂದು ದಿನವೂ ತಪ್ಪುವುದಿಲ್ಲವೆಂದು ಊರಿನಲ್ಲಿ ಮಾತಿತ್ತು. ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

“ಮನೇಗೆ ನೆಂಟ್ರು ಬಂದಿದಾರೆ, ಮೊಸರು ಕಮ್ಮಿ ಬಿತ್ತು” ಎಂದೆ, ಅವರು ಕೇಳದಿದ್ದರೂ.

“ನನಗೆ ನೆಂಟ್ರು ಬಂದಿಲ್ಲ” ಎಂದರು ಟೀಚರು. “ನೀವು ರಿಪೇರಿ ಸಂಕಪ್ಪನವರಲ್ವಾ? ನನ್ನ ಕಂಪ್ಯೂಟರ್ ಕೆಟ್ಟಿದೆ. ಹಳೇದು. ಬಂದು ನೋಡ್ತೀರಾ?”

“ಅಂಗಡಿಗೆ ತಂದುಬಿಡಿ ಟೀಚರೇ, ಅಲ್ಲಿ ಎಲ್ಲ ಸಾಮಾನು ಇದೆ.”

“ತರೋಕಾಗಲ್ಲ. ಅದು ಮನೇಲೇ ಸರಿಯಾಗ್ಬೇಕು.”

ಹನ್ನೊಂದು ಗಂಟೆಗೆ ಹೋದೆ. ಬಾಗಿಲ ಸ್ಲೇಟಿನಲ್ಲಿ ಮುದ್ದಾದ ಅಕ್ಷರದಲ್ಲಿ ‘ಒಂಬತ್ತು, ಸೋಮವಾರ’ ಎಂದು ಬರೆದಿತ್ತು. ಬೀದಿಯಲ್ಲಿ ಆಗಲೇ ಮುಂದಿನ ವಾರದ ಮಂಗಳವಾರ. ಕಂಡೂ ಕಾಣದವನಂತೆ ಒಳಗೆ ಹೋದೆ. ಹಜಾರದಲ್ಲಿ ಟೈಪಿಂಗ್ ಕ್ಲಾಸಿನ ಆರು ಮೇಜುಗಳು ಸಾಲಾಗಿ ಖಾಲಿ ನಿಂತಿದ್ದವು. ಯಾವ ಬೆರಳಿಗೆ ಯಾವ ಅಕ್ಷರ ಎಂದು ತೋರಿಸುವ ಚಾರ್ಟು ಗೋಡೆಯ ಮೇಲೆ ಹಳದಿಯಾಗಿತ್ತು. ಮೂಲೆಯಲ್ಲಿ, ಕಸೂತಿ ಹಾಕಿದ ಗವಸು ಹೊದ್ದುಕೊಂಡು, ಆ ಕಂಪ್ಯೂಟರು. ಬೆನ್ನು ಉಬ್ಬಿದ ದಪ್ಪ ಮಾನಿಟರು, ಹಲ್ಲಿನ ಬಣ್ಣಕ್ಕೆ ತಿರುಗಿದ ಕ್ಯಾಬಿನೆಟ್ಟು, ಅಂಗೈಯಗಲದ ಫ್ಲಾಪಿ ತುರುಕುವ ಸೀಳು. ಅಂಥದ್ದನ್ನು ನಾನು ಕೊನೆಯ ಸಲ ಬಿಚ್ಚಿ ಹತ್ತು ವರ್ಷವಾದರೂ ಆಗಿತ್ತು.

ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿಕೊಂಡು ಒಂದು ಕೆಂಚು ಕೋಳಿ ಕಾವಿಗೆ ಕೂತಿತ್ತು. ನನ್ನ ಕಾಲು ಕಂಡೊಡನೆ ಗರಿ ಕೆದರಿ ಗುರ್ರೆಂದಿತು.

“ಮುತ್ತಿ, ಸುಮ್ನಿರು” ಎಂದರು ಟೀಚರು. “ಮಷೀನಿನ ಬಿಸಿಗೆ ಅಲ್ಲೇ ಜಾಗ ಹಿಡಿದಿದೆ. ಹತ್ತು ಮೊಟ್ಟೆ. ಇವತ್ತಿಗೆ ಇಪ್ಪತ್ತು ದಿನ.”

ಕಿವಿಗೊಟ್ಟು ಕೇಳಿದರೆ ಮೊಟ್ಟೆಯೊಳಗಿಂದ ಕೀಂ ಕೀಂ ಎಂದು ಸಣ್ಣಗೆ ಸದ್ದು. ಇಪ್ಪತ್ತೊಂದಕ್ಕೆ ಒಡೆಯಬೇಕು. ಸ್ಲೇಟಿನ ಸೋಮವಾರ ನೆನಪಾಯಿತು. ಎಂಟು ದಿನದಿಂದ ಈ ಕೋಳಿ ಇಪ್ಪತ್ತನೇ ದಿನದ ಮೇಲೇ ಕೂತಿತ್ತು. ಕಾವಿಗೆ ಕೂತ ಕೋಳಿ ಎದ್ದು ಸರಿಯಾಗಿ ತಿನ್ನುವುದಿಲ್ಲ. ಅದರ ಎದೆಮೂಳೆ ಗರಿಯ ಮೇಲೂ ಕಾಣುತ್ತಿತ್ತು.

ಮೊದಲನೇ ದಿನ ಯಾರಾದರೂ ನೋಡುವುದನ್ನೇ ನೋಡಿದೆ. ಸಾಕೆಟ್ಟಿನಲ್ಲಿ ಕರೆಂಟಿದೆಯೇ, ವಯರು ಸಡಿಲವೇ, ಫ್ಯೂಸು ಹೋಗಿದೆಯೇ. ಎಲ್ಲ ನೆಟ್ಟಗಿತ್ತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಮಾನಿಟರಿನ ಹಸಿರು ದೀಪ ಹತ್ತುತ್ತದೆ, ಪರದೆ ಮಾತ್ರ ಅಮಾವಾಸ್ಯೆ. ಇಂಥ ಹಳೇ ಮಷೀನುಗಳು ಕಣ್ಣುಬಿಡುವಾಗ ಬೀಪ್ ಎಂದು ಕೂಗುತ್ತವೆ. ಎಷ್ಟು ಸಲ ಕೂಗಿತು, ಉದ್ದಕ್ಕೆ ಕೂಗಿತೋ ಗಿಡ್ಡಕ್ಕೋ ಎನ್ನುವುದರ ಮೇಲೆ ರೋಗ ಹೇಳಬಹುದು. ಇದು ಬಾಯೇ ಬಿಡಲಿಲ್ಲ.

“ಅದರಲ್ಲಿ ಮುಖ್ಯವಾದ ಕಾಗದಪತ್ರ ಇದಾವಾ ಟೀಚರೇ? ಇಲ್ದಿದ್ರೆ ಈ ಡಬ್ಬ ಗುಜರಿಗೆ ಹಾಕಿ. ಒಳ್ಳೇದೊಂದು ನಾನೇ ಕೊಡಿಸ್ತೀನಿ.”

“ಗುಜರಿಗೆ ಹಾಕೋದಾದ್ರೆ ನಿಮ್ಮನ್ಯಾಕೆ ಕರೀಲಿ?” ಎಂದರು. ಮಧ್ಯಾಹ್ನ ಊಟಕ್ಕೆ ಏಳಿಸಿದರು. ಕಣ್ಣುಮುಚ್ಚಿ ಒಂದು ನಿಮಿಷ ಪ್ರಾರ್ಥನೆ ಮಾಡಿ ನನ್ನ ತಟ್ಟೆಗೆ ಅನ್ನ, ಹುರುಳಿ ಸಾರು ಬಡಿಸಿದರು. ಮನುಷ್ಯರು ಎದುರು ಕೂತು ಬಡಿಸಿದ ಅನ್ನವನ್ನು ನಾನು ಉಂಡು ಎಷ್ಟೋ ಕಾಲವಾಗಿತ್ತು. ಎರಡನೇ ಸಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

ಎರಡನೇ ದಿನ ಕ್ಯಾಬಿನೆಟ್ಟು ಬಿಚ್ಚಿದೆ. ಒಳಗೆ ಕೋಳಿಯ ತುಪ್ಪಟ! ಫ್ಯಾನು ಎಳೆದುಕೊಂಡದ್ದು ಎಷ್ಟೆಂದರೆ ಒಂದು ಪುಟ್ಟ ದಿಂಬಿಗಾಗುತ್ತಿತ್ತು. ಬಣ್ಣ ಹೊಡೆಯುವ ಬ್ರಶ್ಶಿನಿಂದ ಎಲ್ಲ ಕೆರೆದು ತೆಗೆದೆ. ಮೆಮೊರಿ ಪಟ್ಟಿಗಳನ್ನು ಕಿತ್ತು ಮಕ್ಕಳ ರಬ್ಬರಿನಿಂದ ಹಿತ್ತಾಳೆ ಬಣ್ಣದ ಹಲ್ಲು ಉಜ್ಜಿದೆ. ನೂರಕ್ಕೆ ಅರವತ್ತು ಮಷೀನು ಈ ಒಂದು ರಬ್ಬರಿಗೇ ಎದ್ದು ಕೂರುತ್ತವೆ. ಇದು ನಲವತ್ತರ ಗುಂಪಿಗೆ ಸೇರಿದ್ದು. ಟೀಚರು ಮೊಣಕಾಲೂರಿ ಕೂತು ಮುತ್ತಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅದು ಅರ್ಧ ಚೆಲ್ಲುತ್ತಿತ್ತು.

“ಕಾಗದಪತ್ರ ಏನೂ ಇಲ್ಲ” ಎಂದು ಕೋಳಿಗೆ ಹೇಳುವವರ ಹಾಗೆ ಶುರು ಮಾಡಿದರು. “ಅಮ್ಮ ಹೋದ ಮೇಲೆ ಪಕ್ಕದ ಮನೆ ಗುಣವತಿ ದಿನಾ ಸಾಯಂಕಾಲ ಬಂದು ಹೇಳಿಕೊಡ್ತಿದ್ರು. ಒಂದು ತಿಂಗಳು ಚೆನ್ನಾಗೇ ಬಂದ್ರು. ಆಮೇಲೆ ಹೊಸ್ತಿಲು ದಾಟಿ ಅಲ್ಲೇ ನಿಂತು ಹೇಳಿ ಹೋಗೋರು. ಒಂದಿನ ಬಾವಿಕಟ್ಟೆ ಹತ್ರ ಯಾರಿಗೋ ಹೇಳ್ತಿದ್ರು, ‘ನಮ್ಮನೆ ದಿನ ನೂಕೋದೇ ಕಷ್ಟ, ಟೀಚರಮ್ಮಂದೂ ನಾನೇ ನೂಕ್ಬೇಕು’ ಅಂತ. ಅವತ್ತೇ ಬರಬೇಡಿ ಅಂದ್ಬಿಟ್ಟೆ. ಅವತ್ತು ಸಾಯಂಕಾಲ ಮಷೀನ್ ಆರಿಸ್ತಾ ಕೂತಿದ್ದೆ. ನಿಮಗೆ ಗೊತ್ತಲ್ಲ, ಕೆಲಸ ಮುಗಿಸಿದ ಮೇಲೆ ಕಪ್ಪು ಪರದೆ ಮೇಲೆ ಕೇಸರಿ ಅಕ್ಷರದಲ್ಲಿ ಬರುತ್ತೆ.”

ನನಗೆ ಗೊತ್ತಿತ್ತು. ಆ ಕಾಲದ ಮಷೀನುಗಳು ತಾವಾಗಿ ಆರುತ್ತಿರಲಿಲ್ಲ. ಎಲ್ಲ ಮುಚ್ಚಿಟ್ಟು, ‘ಇನ್ನು ನೀವು ಕಂಪ್ಯೂಟರನ್ನು ನಿಶ್ಚಿಂತೆಯಿಂದ ಆರಿಸಬಹುದು’ ಎಂದು ಇಂಗ್ಲಿಷಿನಲ್ಲಿ ಬರೆದು, ನಮ್ಮ ಕೈಗಾಗಿ ಕಾಯುತ್ತಿದ್ದವು.

“ದುಃಖಕ್ಕೆ ಅದನ್ನೇ ಕೇಳಿದೆ, ‘ಇವತ್ತಿಗೆ ಸಾಕಾ?’ ಅಂತ. ಕೇಸರಿ ಅಕ್ಷರ ಬಂತು. ಎದ್ದು ಕ್ಯಾಲೆಂಡರ್ ಮುಟ್ಟಿದ್ರೆ ಹಾಳೆ ಕೈಗೆ ಬಂತು, ಸಂಕಪ್ಪನವರೇ. ಬೆಳಿಗ್ಗೆ ಮೊಸರು ಗಟ್ಟಿಯಾಗಿತ್ತು. ನಾಲ್ಕು ವರ್ಷ ಒಬ್ಬರನ್ನೂ ಕೇಳಿಲ್ಲ ನಾನು.” ಸೆರಗಿನಲ್ಲಿ ಮುತ್ತಿಯ ಕೊಕ್ಕು ಒರೆಸಿದರು. “ನಿಮ್ಮನ್ನೂ ಕೇಳಲ್ಲ, ಹೆದರ್ಬೇಡಿ. ಮಷೀನ್ ಸರಿಮಾಡಿ ಕೊಡಿ ಅಷ್ಟೆ.”

ನಾನು ಹೆದರಿದ್ದು ನಿಜ. ಮುಖದಲ್ಲಿ ಅಷ್ಟು ಕಾಣಿಸಿತೇ ಎಂದು ನಾಚಿಕೆಯಾಯಿತು.

ಮೂರನೇ ದಿನ ಇದ್ದಬದ್ದ ಕಾರ್ಡುಗಳನ್ನೆಲ್ಲ ಕಿತ್ತು ಒರೆಸಿ ಮತ್ತೆ ಕೂರಿಸಿದೆ. ಬೇರೆ ಪವರ್ ಡಬ್ಬ ತಂದು ಕಟ್ಟಿದೆ. ಹಣೆಯ ಬೆವರು ಬಿತ್ತೇ ಹೊರತು ಪರದೆ ಬೆಳಗಲಿಲ್ಲ. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ, ನಾಳೆಯೂ ಅಲ್ಲಿಗೆ ಹೋಗಬೇಕಲ್ಲ ಎಂದು ನೆನೆದು ಖುಷಿಯಾಯಿತು. ಆ ಖುಷಿ ನನಗೇ ಹಿಡಿಸಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಟಾರ್ಚು ಹಿಡಿದು ನೋಡುವಾಗ ಮೂಲೆಯಲ್ಲಿ ಒಂದು ಕೆಂಪು ಎಳೆ ಕಣ್ಣಿಗೆ ಬಿತ್ತು. ಸ್ಪೀಕರಿನ ವಯರು. ಇಲಿ ಯಾವಾಗಲೋ ಕಡಿದು ಹಾಕಿತ್ತು. ಬೆಸುಗೆ ಹಾಕಿ ಗುಂಡಿ ಒತ್ತಿದೆ. ಬೀಪ್. ಒಂದೇ ಒಂದು, ಗಿಡ್ಡದು, ಚೊಕ್ಕವಾಗಿ. ಒಂದೇ ಬೀಪು ಎಂದರೆ ನನಗೇನೂ ಆಗಿಲ್ಲ, ಆರಾಮಾಗಿದ್ದೇನೆ ಎಂದರ್ಥ. ಪಾಪ, ಅದು ಮೂರು ದಿನದಿಂದ ಆರಾಮಾಗಿದ್ದೇನೆ ಎಂದೇ ಹೇಳುತ್ತಿತ್ತು. ಹೇಳಲು ಬಾಯಿರಲಿಲ್ಲ. ನಾನು ಗಟ್ಟಿಮುಟ್ಟಾದ ಆಳನ್ನು ಮಲಗಿಸಿ ಹೊಟ್ಟೆ ಕೊಯ್ದು ನೋಡಿದ್ದೆ.

ಹಾಗಾದರೆ ದೋಷವಿರುವುದು ಮಾನಿಟರಿನಲ್ಲಿ. ಐದು ನಿಮಿಷದ ಕೆಲಸವಿದ್ದರೂ ಇರಬಹುದು. ಟೀಚರು ಅಡಿಗೆಮನೆಯಲ್ಲಿದ್ದರು, ಬೀಪು ಕೇಳಿಸಿರಲಿಲ್ಲ. ಒಗ್ಗರಣೆಯ ಸದ್ದು ಬಂತು, ಇಬ್ಬರಿಗೆ ತಟ್ಟೆ ಇಡುವ ಸದ್ದು ಬಂತು. ನಾನು ಸ್ವಿಚ್ಚು ಆರಿಸಿದೆ. ಊಟ ಮಾಡಿದೆ. ಮಧ್ಯಾಹ್ನವೆಲ್ಲ ಸುಮ್ಮನೆ ಸ್ಕ್ರೂ ಬಿಚ್ಚಿದೆ, ಸ್ಕ್ರೂ ಹಾಕಿದೆ. ಸಂಜೆ ಚೀಲ ಎತ್ತಿಕೊಂಡು, “ಇನ್ನೊಂದು ದಿನ ಬೇಕು ಟೀಚರೇ, ನಾಳೆ ನೋಡೋಣ” ಎಂದೆ. ಕೇಳಿದಿರಲ್ಲ, ಇದು ನಾನು. ಮೇಜಿನ ಕೆಳಗೆ ಕೋಳಿ ಸಾಯುತ್ತಿತ್ತು, ನನಗೆ ಇನ್ನೊಂದು ಹೊತ್ತಿನ ಊಟದ ಆಸೆ.

ಟೀಚರು ಪೆಟ್ಟಿಗೆಯ ಪಕ್ಕ ಕೂತಿದ್ದರು. ಮುತ್ತಿಯ ಕತ್ತು ಹುಲ್ಲಿನ ಮೇಲೆ ಒರಗಿತ್ತು. ಕೀಂ ಎನ್ನುವ ಸದ್ದು ಬೆಳಿಗ್ಗೆಗಿಂತ ಕಡಿಮೆಯಾಗಿತ್ತು. ಅವರು ತುಂಬ ಹೊತ್ತು ಅದನ್ನೇ ನೋಡಿದರು. ಎದ್ದರು, ದೀಪ ಹಚ್ಚಿದರು, ಸೆರಗು ಸರಿಮಾಡಿಕೊಂಡರು.

“ಸಂಕಪ್ಪನವರೇ” ಎಂದರು. “ಇವತ್ತಿಗೆ ಸಾಕಾ?”

ನಾಲ್ಕು ವರ್ಷ ಯಾರನ್ನೂ ಕೇಳದವರು ಒಂದು ಕೋಳಿಗಾಗಿ ನನ್ನನ್ನು ಕೇಳಿದರು. ನನ್ನ ಬಾಯಿ ತೆರೆಯಿತು. “ನಾಳೆ... ನಾಳೆ ಬೇಗ ಬರ್ತೀನಿ” ಎಂದು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಬೀದಿಗೆ ಬಂದೆ. ಹಿಂದೆ ಅವರು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ಎಷ್ಟೋ ವಾಸಿಯಿತ್ತು.

ಆ ಮಾತು ನನ್ನ ಬಾಯಿಂದ ಯಾಕೆ ಬರುವುದಿಲ್ಲ ಎಂದು ಈಗ ಹೇಳಲೇಬೇಕು. ಮದುವೆ ಮನೆಯಲ್ಲಿ ಪಾಯಸ ಸುರಿಯುತ್ತಿದ್ದರೂ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ, ಆ ಮಾತಾಡುವುದಿಲ್ಲ. ಆರು ವರ್ಷದ ಹಿಂದೆ, ಹದಿನೇಳು ಬುಧವಾರ, ನನ್ನ ಹೆಂಡತಿ ಭಾಗಿ ಮಿಕ್ಸಿಯ ವಿಷಯ ತೆಗೆದಳು. ನಮ್ಮ ಮಿಕ್ಸಿ ಕೆಟ್ಟು ನಾಲ್ಕು ತಿಂಗಳಾಗಿತ್ತು. “ಊರ ಮಿಕ್ಸಿಗೆಲ್ಲ ನೀವು ವೈದ್ಯರು, ನಾನು ಮಾತ್ರ ಒರಳಲ್ಲಿ ರುಬ್ಬಬೇಕು” ಎಂದಳು. ನಾನು ಒಂದು ಅಂದೆ, ಅವಳು ಎರಡು ಅಂದಳು, ಮಕ್ಕಳಿಲ್ಲದ ಮನೆಯಲ್ಲಿ ಜಗಳ ನಡುವೆ ನಿಲ್ಲಿಸುವವರಿಲ್ಲ. ಆದರೂ ಅವಳು ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡಿದಳು, ಹಾಲು ಕಾಸಿ ಆರಿಸಿ ಹೆಪ್ಪು ಹಾಕಿದಳು, ಕಿಟಕಿಯ ಬಳಿ ಕೂತು ಕಾಕಡ ಹೂವು ಅರ್ಧ ಕಟ್ಟಿದಳು. ದೀಪ ಹಚ್ಚಿ ಬಂದು ನನ್ನೆದುರು ನಿಂತು, “ಇವತ್ತಿಗೆ ಸಾಕಾ?” ಎಂದು ಕೇಳಿದಳು. ಜಗಳವೂ ಮುಗಿಯಲಿ ಎಂದೇ ಕೇಳಿದ್ದು, ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಪೇಪರು ಓದುತ್ತ ಕೂತೆ. ಇನ್ನೊಂದು ಸಲ ಕೇಳಲಿ, ಸ್ವಲ್ಪ ಬಗ್ಗಲಿ ಎಂದು ನನ್ನ ಲೆಕ್ಕ. ಅವಳು ಇನ್ನೊಂದು ಸಲ ಕೇಳಲಿಲ್ಲ. ನಿಂತಳು, ನಿಂತಳು, ಒಳಗೆ ಹೋಗಿ ಒಂದು ಚೀಲ ತುಂಬಿಕೊಂಡು ತಮ್ಮನ ಊರಿಗೆ ಕೊನೆಯ ಬಸ್ಸು ಹತ್ತಿದಳು. ಅಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳಂತೆ, ಚೆನ್ನಾಗಿದ್ದಾಳಂತೆ. ನಾನು ಕರೆಯಲು ಹೋಗಲಿಲ್ಲ. ಮೊದಮೊದಲು ಹಠಕ್ಕೆ, ಆಮೇಲೆ ನಾಚಿಕೆಗೆ.

ಅಂದರೆ ನನ್ನ ಮನೆಯಲ್ಲಿ ಪ್ರಶ್ನೆ ಕೇಳಿಯಾಗಿದೆ. ಉತ್ತರವಷ್ಟೇ ಬಾಕಿ. ನನಗೆ ನೆರೆಯವರು ಬೇಡ, ಯಾರೂ ಬೇಡ, ಒಂದು ಮಾತು ಆಡಿದರಾಯಿತು. ಆಡಿದರೆ ಆ ಬುಧವಾರ ಹೋಗುತ್ತದೆ. ಒಗ್ಗರಣೆಯ ಘಮ ಇನ್ನೂ ಮನೆಯಲ್ಲಿದೆ, ಕಿಟಕಿಯ ಹೂವು ಇನ್ನೂ ಬಾಡಿಲ್ಲ, ಅವಳು ಈಗಷ್ಟೇ ಎದ್ದು ಹೋದ ಹಾಗಿದೆ. ಅದನ್ನು ನನ್ನ ಬಾಯಾರೆ ಹೇಗೆ ಕಳುಹಿಸಲಿ?

ಮರುದಿನ ಡೈರಿಗೂ ಹೋಗದೆ ನೇರ ಟೀಚರ ಮನೆಗೆ ಹೋದೆ. ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ. ಮಾನಿಟರು ಹಿಡಿದು ಹಿಂದೆ ನೋಡಿದೆ, ಮುಂದೆ ನೋಡಿದೆ. ಮುಂದಿನ ಅಂಚಿನ ಕೆಳಗೆ, ಕೈ ತಡವಿದರೆ ಮಾತ್ರ ಸಿಗುವ ಕಡೆ, ಬೆಳಕು ಹೆಚ್ಚುಕಡಿಮೆ ಮಾಡುವ ಒಂದು ಚಕ್ರ. ಅದರ ಸುತ್ತ ಕೊಕ್ಕಿನ ಗುರುತು! ಪಕ್ಕದಲ್ಲಿ ಎರಡು ಅವಲಕ್ಕಿ ಕಾಳು.

“ಟೈಪ್ ಮಾಡ್ತಾ ಅವಲಕ್ಕಿ ತಿಂತೀರಾ ಟೀಚರೇ?”

“ತಿಂತೀನಿ. ಯಾಕೆ?”

“ಮುತ್ತಿ ಮೇಜು ಹತ್ತಿ ಹೆಕ್ಕಿದಾಳೆ. ಹೆಕ್ಕೋವಾಗ ಚಕ್ರಾನೂ ಕುಕ್ಕಿ ಕುಕ್ಕಿ ಪೂರಾ ಇಳಿಸಿದಾಳೆ.”

ಹೆಬ್ಬೆರಳಿನಿಂದ ಚಕ್ರ ತಿರುಗಿಸಿದೆ. ಕತ್ತಲೊಳಗಿಂದ ಬಿಳಿ ಅಕ್ಷರಗಳು ಮೆಲ್ಲಗೆ ಮೇಲೆ ಬಂದವು. ತಾರೀಕು ಮರೆತುಹೋಗಿದೆ, ಮುಂದುವರಿಯಬೇಕಾದರೆ ಈ ಕೀಲಿ ಒತ್ತಿ ಎಂದು ಬರೆದಿತ್ತು, ಪಕ್ಕದಲ್ಲಿ ಒಂದು ಗೆರೆ ಮಿಟುಕುತ್ತಿತ್ತು. ಒಳಗಿನ ಬಿಲ್ಲೆ ಬ್ಯಾಟರಿ ಸತ್ತ ಮಷೀನುಗಳು ಹೀಗೇ ಕೇಳುವುದು. ಟೀಚರಿಗೂ ಗೊತ್ತಿತ್ತು, ತಿಂಗಳುಗಳಿಂದ ದಿನಾ ಬೆಳಿಗ್ಗೆ ಆ ಕೀಲಿ ಒತ್ತಿ, ತಾರೀಕು ಹೊಡೆದು ಕೆಲಸ ಶುರು ಮಾಡುತ್ತಿದ್ದರಂತೆ. ಕೆಟ್ಟಿತು ಎಂದುಕೊಂಡ ಮಷೀನು ಕತ್ತಲಲ್ಲಿ ಕೂತು ಒಂದು ಉತ್ತರಕ್ಕಾಗಿ ಕಾದಿತ್ತು, ಅಷ್ಟೆ.

ಅವರು ಪರದೆ ನೋಡಿ ಕುರ್ಚಿಯ ಮೇಲೆ ಕೂತರು. ನಾನೇ ಹೊಸ ಬ್ಯಾಟರಿ ಹಾಕಿ, ಕೀಲಿ ಒತ್ತಿ, ತಾರೀಕು ಕೇಳುವಲ್ಲಿ ಹೊಡೆದೆ. ಕೈ ತಾನಾಗಿ ಓಡಿತು. ತಲೆ ಎತ್ತಿದರೆ ಟೀಚರು ಪರದೆಯನ್ನೇ ನೋಡುತ್ತಿದ್ದರು.

“ಹದಿನೇಳು” ಎಂದು ಓದಿದರು. “ವರ್ಷಾನೂ ಆರು ಹಿಂದಿಂದು. ಇದು ಯಾರ ಮನೆ ದಿನ, ಸಂಕಪ್ಪನವರೇ?”

ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. “ನಮ್ಮನೇದು” ಎಂದೆ. ಮಿಕ್ಸಿಯಿಂದ ಕೊನೆಯ ಬಸ್ಸಿನವರೆಗೆ ಎಲ್ಲ ಹೇಳಿದೆ. ಬೀಪು ಕೇಳಿಯೂ ನಿನ್ನೆ ಒಂದು ದಿನ ಕದ್ದದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಕೋಳಿಯ ಕಡೆ ನೋಡಲಾಗಲಿಲ್ಲ.

ಅವರು ಗಂಜಿಯ ಚಮಚ ಕೈಗೆತ್ತಿಕೊಂಡು, “ಊಟ ಬೇಕಿದ್ರೆ ಊಟ ಬೇಕು ಅನ್ನಬೇಕಿತ್ತು” ಎಂದರು. ಸಿಟ್ಟು ಇತ್ತು, ಇರಬೇಕಾದ್ದೇ. “ಈಗ ಹೋಗಬೇಡಿ. ಸಾಯಂಕಾಲದ ತನಕ ಇದರ ಜೀವ ಹಿಡಿದಿಡ್ಬೇಕು. ನೀವು ಕತ್ತು ಹಿಡ್ಕೊಳ್ಳಿ, ನಾನು ಕುಡಿಸ್ತೀನಿ.”

ಇಡೀ ದಿನ ಹಾಗೆ ಕಳೆದೆವು. ತಾಸಿಗೊಮ್ಮೆ ಒಂದು ಚಮಚ ಗಂಜಿ, ಒಂದು ಚಮಚ ಬೆಲ್ಲದ ನೀರು. ಮಷೀನು ಉರಿಯುತ್ತಲೇ ಇತ್ತು, ಅದರ ಬಿಸಿ ಪೆಟ್ಟಿಗೆಗೆ ತಾಗುತ್ತಿತ್ತು. ಕೊನೆಗೆ ಕೇಳುತ್ತಿದ್ದದ್ದು ಒಂದೇ ಮೊಟ್ಟೆಯ ದನಿ. ದೀಪ ಹಚ್ಚುವ ಹೊತ್ತಿಗೆ ಟೀಚರು ತಾರೀಕು ತಿದ್ದಿ, ಒಂಬತ್ತು ಎಂದು ಹೊಡೆದು, ಮಷೀನು ಮುಚ್ಚುವ ಆಜ್ಞೆ ಕೊಟ್ಟರು. ಪರದೆಗೆ ಮುಖ ಕೊಟ್ಟು, “ಇವತ್ತಿಗೆ ಸಾಕಾ?” ಎಂದರು. ಪರದೆ ಕಪ್ಪಾಯಿತು. ಕೇಸರಿ ಅಕ್ಷರಗಳು ಬಂದವು. ಅವರು ಎದ್ದು ಕ್ಯಾಲೆಂಡರಿನ ಹಾಳೆಗೆ ಕೈ ಹಾಕಿದರು, ಅದು ಸರಕ್ಕನೆ ಹರಿದು ಬಂತು. ಸೋಮವಾರವನ್ನು ಕೈಯಲ್ಲಿ ಹಿಡಿದುಕೊಂಡು ಅತ್ತರು.

ನಾನು ಹೊರಡುವಾಗ ಬಾಗಿಲ ತನಕ ಬಂದರು. “ನಿಮ್ಮನೆಯವರು ಕೇಳಿ ಆರು ವರ್ಷ ಆಯ್ತು” ಎಂದರು. “ಅಷ್ಟು ಹೊತ್ತು ಯಾರನ್ನೂ ನಿಲ್ಲಿಸಬಾರದು, ಸಂಕಪ್ಪನವರೇ.”

ಮನೆಯ ಬೀಗ ತೆಗೆದೆ. ಬೆಳ್ಳುಳ್ಳಿ ಒಗ್ಗರಣೆಯ ಘಮ ಮೂಗಿಗೆ ಬಂತು. ದೀಪ ಹಚ್ಚಿದೆ. ಕಿಟಕಿಯ ಮೇಲೆ ಅರ್ಧ ಕಟ್ಟಿದ ಕಾಕಡ, ದಾರದ ತುದಿ ಇನ್ನೂ ಅವಳ ಬೆರಳಿಂದ ಬಿಟ್ಟ ಹಾಗೆ ಸುರುಳಿ. ಅಡಿಗೆಮನೆಯಲ್ಲಿ ಹಾಲಿನ ಪಾತ್ರೆ, ಮೇಲೆ ತಟ್ಟೆ. ನಾನು ಪೇಪರು ಓದುತ್ತಿದ್ದ ಕುರ್ಚಿಯಲ್ಲೇ ಕೂತೆ. ಅವಳು ನಿಂತಿದ್ದ ಜಾಗ ನೋಡಿದೆ. ಎರಡು ಸಲ ಗಾಳಿಯಷ್ಟೇ ಬಂತು. ಮೂರನೇ ಸಲ ಬಂತು.

“ಸಾಕು, ಭಾಗಿ.”

ಏನೂ ಆಗಲಿಲ್ಲ. ಎದ್ದು ಕ್ಯಾಲೆಂಡರು ಮುಟ್ಟಿದೆ. ಹಾಳೆ ಅಷ್ಟು ಸಲೀಸಾಗಿ ಬಂತೆಂದರೆ ನನಗೆ ಅವಮಾನವಾಯಿತು.

ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಯಾವ ಘಮವೂ ಇರಲಿಲ್ಲ. ಕಿಟಕಿಯ ಹೂವು ಕಂದಿ ಮುದುಡಿತ್ತು. ಅವಳು ಹೋಗಿ ಆರು ವರ್ಷವಾಗಿತ್ತು ಎಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ನನ್ನ ಮಟ್ಟಿಗೆ ಅವಳು ಮನೆ ಬಿಟ್ಟದ್ದು ಆ ಬೆಳಿಗ್ಗೆಯೇ. ಖಾಲಿ ಹಜಾರದಲ್ಲಿ ನಿಂತು ದೊಡ್ಡ ದನಿ ತೆಗೆದು ಅತ್ತೆ.

ಆಮೇಲೆ ಅಡಿಗೆಮನೆಗೆ ಹೋಗಿ ತಟ್ಟೆ ಸರಿಸಿದೆ. ಮೊಸರಾಗಿತ್ತು. ಮೇಲೆ ಕೆನೆ ಕಟ್ಟಿತ್ತು, ಪಾತ್ರೆ ವಾಲಿಸಿದರೂ ಅಲುಗಲಿಲ್ಲ. ಅವಳ ಕೈಯ ಹೆಪ್ಪು ಯಾವತ್ತೂ ತಪ್ಪಿದ್ದಿಲ್ಲ. ಅನ್ನ ಮಾಡಿ, ಉಪ್ಪು ಹಾಕಿ ಕಲಸಿ, ಒಂದೊಂದೇ ತುತ್ತು ತಿಂದೆ. ಹುಳಿಯಿಲ್ಲ, ಸಿಹಿಯಾಗಿತ್ತು. ಒಂದು ಚಮಚದಷ್ಟು ತಳದಲ್ಲಿ ಉಳಿಸಿದೆ. ಸ್ಲೇಟು ಒರೆಸಿ ಆರು ವರ್ಷದಲ್ಲಿ ಮೊದಲ ಸಲ ನಿಜ ಬರೆದೆ: ಹದಿನೆಂಟು, ಗುರುವಾರ. ಬೀದಿಯವರು ನೋಡಿದರೆ ನೋಡಿಕೊಳ್ಳಲಿ. ಅಂಗಡಿಗೆ ಹೋಗಲಿಲ್ಲ. ಅಟ್ಟದಿಂದ ನಮ್ಮ ಮಿಕ್ಸಿ ಇಳಿಸಿ ಬಿಚ್ಚಿದೆ. ಸವೆದದ್ದು ಮೋಟಾರಿನ ಒಂದು ತುಂಡು ಕಾರ್ಬನ್ನು. ಹತ್ತು ನಿಮಿಷದ ಕೆಲಸ.

ಸಂಜೆ ಹಾಲು ಕಾಸಿದೆ, ಬೆರಳು ಅದ್ದಿ ಬಿಸಿ ನೋಡಿದೆ, ಉಳಿಸಿದ ಆ ಒಂದು ಚಮಚ ಮೊಸರು ಹಾಕಿ ತಟ್ಟೆ ಮುಚ್ಚಿದೆ. ಈಗ ಈ ಮನೆಯಲ್ಲಿ ಯಾರಾದರೂ ಕೇಳಿಟ್ಟು ಹೋದ ಪ್ರಶ್ನೆ ಇರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಟೀಚರ ಬಾಗಿಲಲ್ಲಿ ‘ಹತ್ತು, ಮಂಗಳವಾರ’ ಎಂದಿತ್ತು. ಒಳಗೆ ಕೀಂ ಕೀಂ ಸದ್ದು ಕೇಳಿಸಿತು, ಗಟ್ಟಿಯಾಗಿಯೇ. ಎಷ್ಟು ಮರಿಗಳೋ ಹೊರಗಿನಿಂದ ತಿಳಿಯಲಿಲ್ಲ, ಹತ್ತು ಇರಲಾರದು. ಬಾಗಿಲು ತಟ್ಟಿದೆ. ತೆರೆದವರ ಸೀರೆಯ ಮಡಿಲಲ್ಲಿ ಒಂದು ಹಳದಿ ಮರಿ ತಲೆ ಎತ್ತಿ ನೋಡುತ್ತಿತ್ತು.

“ಏನು, ಸ್ಕ್ರೂಡ್ರೈವರ್ ಏನಾದ್ರೂ ಮರೆತ್ರಾ?”

“ಇಲ್ಲ ಟೀಚರೇ” ಎಂದೆ. “ಮನೇಲಿ ಹಾಲಿಗೆ ಹೆಪ್ಪು ಹಾಕಿ ಬಂದಿದೀನಿ. ಬನ್ನಿ.”

ಅವರು ಮರಿಯನ್ನು ಪೆಟ್ಟಿಗೆಗೆ ಬಿಟ್ಟು ಬಂದು ಚಪ್ಪಲಿ ಹುಡುಕತೊಡಗಿದರು.